ಕೊಸರು

ಸಭೆಯ ಟಿಪ್ಪಣಿ ಬರೆಯುವುದು ನನ್ನ ಕೆಲಸ,
ಆಗ್ನೇಯ ಲಂಡನ್ನಿನ ಒಂದು ಕೌನ್ಸಿಲ್ಲಿನಲ್ಲಿ,
ತಿಂಗಳಿಗೆರಡು ಗುರುವಾರ.
ಯಾರು ಕೆಮ್ಮಿದರು, ಯಾರು ಕಣ್ಣೊರೆಸಿಕೊಂಡರು, ಅದು ಬೇಡ.
ಏನು ತೀರ್ಮಾನವಾಯಿತು, ಅಷ್ಟು ಸಾಕು.
'ಗಮನಿಸಲಾಯಿತು' ಎಂಬ ಒಂದು ಪದದೊಳಗೆ
ಎಷ್ಟು ಜನರ ಗಂಟಲು ಕಟ್ಟಿ ಕೂತಿದೆ, ನನಗೆ ಗೊತ್ತು.

ಅವತ್ತಿನ ಕಡತ: ಡೆಪ್ಟ್‌ಫರ್ಡಿನ ಹಳೆಯ ಲಾಂಡ್ರಿ ಕೆಡವಿ
ಇನ್ನೂರ ಅರವತ್ತು ಮನೆ,
ಇಪ್ಪತ್ತೆರಡು ಮಹಡಿ, ನೆತ್ತಿಯ ಮೇಲೊಂದು ತೋಟ.
ನಿಯಮದ ಪ್ರಕಾರ ನೂರಕ್ಕೆ ಮೂವತ್ತೈದು
ಕೈಗೆಟುಕುವ ಮನೆಗಳಿರಬೇಕು.
ಲೆಕ್ಕಕ್ಕೆ ತೊಂಬತ್ತೊಂದು.

ಕಂಪನಿಯ ಪರ ಬಂದವನು ಲಯನೆಲ್ ಪ್ರಾಥೆರೋ.
ಕೆಟ್ಟವನಲ್ಲ; ನನಗೂ ಒಂದು ಲೋಟ ನೀರು ಬಗ್ಗಿಸಿಕೊಟ್ಟ.
ಉಕ್ಕು ಏರಿದೆ ಎಂದ, ಬಡ್ಡಿ ಏರಿದೆ,
ಲಾಂಡ್ರಿಯ ಮಣ್ಣಿಗೆ ಎಂಥದೋ ವಿಷ ಇಳಿದಿದೆ,
ತೊಳೆಯುವುದಕ್ಕೇ ಎರಡು ವರ್ಷ.
ನೂರ ನಲವತ್ತು ಪುಟದ ವರದಿ,
ಅರ್ಧಕ್ಕರ್ಧ ಸಾಲಿಗೆ ಕಪ್ಪು ಬಳಿದಿತ್ತು: ವ್ಯಾಪಾರದ ಗುಟ್ಟು.
ತೊಂಬತ್ತೊಂದು ಕೊಟ್ಟರೆ ಕಟ್ಟಡವೇ ಏಳುವುದಿಲ್ಲ ಎಂದ.
ಸುಳ್ಳೂ ಅಲ್ಲವೇನೋ. ಕಪ್ಪು ಬಳಿದದ್ದನ್ನು ಓದಿದವರಾರು?

ಅರವತ್ತು ಎಂದರು ಇವರು. ಆರು ಎಂದ ಅವನು.
ನನಗೆ ಅರಸೀಕೆರೆಯ ಸಂತೆ ನೆನಪಾಯಿತು.
ಅವ್ವ ಬದನೆಕಾಯಿ ತೂಗಿಸಿ, ದುಡ್ಡು ಕೊಟ್ಟು,
ಆಮೇಲೂ ಸೆರಗೊಡ್ಡಿ ನಿಲ್ಲುವಳು: ಕೊಸರು ಹಾಕಪ್ಪ.
ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು.
ಅದು ಇವಳ ಹಕ್ಕಲ್ಲ, ಅವನ ದಾನವೂ ಅಲ್ಲ,
ತಕ್ಕಡಿಯ ಮರ್ಯಾದೆ.
ಇಲ್ಲಿ ತಕ್ಕಡಿಯಲ್ಲಿದ್ದುದನ್ನೇ ತೆಗೆದು
ಕೊಸರೆಂದು ಕೊಡುತ್ತಿದ್ದಾರೆ.

ಸಾರ್ವಜನಿಕರಿಗೆ ಮೂರು ನಿಮಿಷ.
ಗ್ಲಾಡಿಸ್ ಅಮಂಕ್ವಾ ಎದ್ದಳು. ಈಗ ಶಾಲೆಯಲ್ಲಿ ಅಡುಗೆ,
ಮುಂಚೆ ಅದೇ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ
ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಇಸ್ತ್ರಿ.
ಕೈಗೆಟುಕುವುದು ಅಂದರೆ ಎಷ್ಟು, ಎಂದು ಕೇಳಿದಳು.
ಮಾರುಕಟ್ಟೆ ಬಾಡಿಗೆಯ ನೂರಕ್ಕೆ ಎಂಬತ್ತು, ಎಂದರು ಅಧಿಕಾರಿ.
ಅವಳು ತನ್ನ ಅಂಗೈ ನೋಡಿಕೊಂಡಳು,
ಸುಮ್ಮನೆ, ಅಲ್ಲಿ ಏನೋ ಬರೆದಿದೆ ಎಂಬಂತೆ.
ಮೂರನೇ ನಿಮಿಷ ಹಾಗೇ ಮುಗಿಯಿತು.
ಬರೆದುಕೊಂಡೆ: ಒಬ್ಬ ನಿವಾಸಿ ಮಾತನಾಡಿದರು. ಗಮನಿಸಲಾಯಿತು.

ಪರ ಏಳು ಕೈ, ವಿರೋಧ ನಾಲ್ಕು.
ಒಂಬತ್ತು ಮನೆ, ಬಾಗಿಲು ಹಿಂದಿನ ಓಣಿಗೆ,
ಕಸದ ಡಬ್ಬಿಗಳ ಪಕ್ಕ.

ಕೀಲಿಮಣೆಯಲ್ಲಿ ಒಂಬತ್ತರ ನೆರೆಮನೆಯೇ ಸೊನ್ನೆ.
ರಾತ್ರಿ ಹನ್ನೊಂದಾಗಿತ್ತು, ಬೆರಳು ಜಾರಿತು.
ಜಾರಿತೆಂದೇ ಇಟ್ಟುಕೊಳ್ಳಿ.
ಕನ್ನಡದಲ್ಲಾದರೆ ಒಂದು ತಕಾರದ ಮಾತು.
ಕರಡು ಪ್ರತಿ ಎಲ್ಲರಿಗೂ ಹೋಯಿತು,
ಎರಡು ವಾರ ಯಾರೂ ಏನೂ ಅನ್ನಲಿಲ್ಲ.
ಆ ಎರಡು ವಾರ ನಲವತ್ತೇಳನೇ ಬಸ್ಸಿನ ಮೇಲಂತಸ್ತಿನಲ್ಲಿ ಕೂತು
ಇನ್ನೂ ಕಟ್ಟದ ಕಟ್ಟಡಕ್ಕೆ ನಾನು ಜನ ತುಂಬಿಸಿದೆ:
ಹದಿನಾಲ್ಕನೇ ಮಹಡಿಯಲ್ಲಿ ರಾತ್ರಿಪಾಳಿಯ ನರ್ಸು, ಹಗಲಲ್ಲಿ ಪರದೆ ಎಳೆದು;
ಆರನೆಯದರಲ್ಲಿ ಯಾರೋ ಮೀನು ಹುರಿಯುತ್ತಿದ್ದಾರೆ, ಗಾಜಿನ ಲಾಬಿಗೂ ವಾಸನೆ;
ತೊಂಬತ್ತು ಚಪ್ಪಲಿಗೂಡು, ಮುಂಬಾಗಿಲಲ್ಲೇ ಒಂದು ತಳ್ಳುಗಾಡಿಯ ಜಗಳ.

ಹನ್ನೆರಡನೇ ದಿನ ಫೋನ್ ಬಂತು. ಗ್ಲಾಡಿಸ್.
ತೊಂಬತ್ತಾ? ಮೂರು ಸಲ ಓದಿದೆ.
ಕನ್ನಡಕ ಒರೆಸಿಕೊಂಡು ಓದಿದೆ.
ಮಗಳಿಗೂ ಹೇಳಿಬಿಟ್ಟೆ.

ಅಷ್ಟು ಹೊತ್ತು ನಾನು ನನ್ನ ಜಾಣತನವನ್ನು
ಬಾಯಲ್ಲಿ ಕಲ್ಲುಸಕ್ಕರೆಯಂತೆ ಚೀಪುತ್ತಿದ್ದೆ.
ಅದು ಟೈಪಿನ ತಪ್ಪು, ಎಂದೆ.
ತಪ್ಪು ನನ್ನದು, ಎಂದೆ.
ಆ ಕಡೆ ಡ್ರಾಯರ್ ಎಳೆದ ಸದ್ದು.
ಎಷ್ಟನೇ ಪುಟ ಹೇಳಿ, ಎಂದಳು,
ಪೆನ್ನು ತಗೊಂಡೆ. ನನ್ನ ಪ್ರತಿಯಲ್ಲೂ ತಿದ್ದಿಕೊಳ್ಳುತ್ತೇನೆ.

ಮುಂದಿನ ಗುರುವಾರ, ಮೊದಲನೇ ವಿಷಯ:
ಹಿಂದಿನ ಟಿಪ್ಪಣಿ, ಪುಟ ನಾಲ್ಕು,
ತೊಂಬತ್ತು ಎಂದಿರುವಲ್ಲಿ ಒಂಬತ್ತು ಎಂದು ಓದಿಕೊಳ್ಳತಕ್ಕದ್ದು.
ಅಧ್ಯಕ್ಷರು ಸಹಿ ಹಾಕಿದರು.
ಗಮನಿಸಲಾಯಿತು.